ಹೌದು, ಅಲ್ಲ, ಸಂಬಂಧವಿಲ್ಲ: ಹುಣಸಗಿ ಸೀಮೆಯ ಒಗಟುಗಳನ್ನು ಗುಂಪಿನಲ್ಲಿ ಬಿಡಿಸುವ ಬಗೆ

ಒಂದು ಊರಿನ ಜನ ತಾವು ವಾಸಿಸುವ ಜಾಗದ ಪಕ್ಕದಲ್ಲೇ ದೊಡ್ಡ ಬೆಂಕಿ ಹಾಕಿದರು. ಒಮ್ಮೆಯಲ್ಲ, ಮತ್ತೆ ಮತ್ತೆ, ತಲೆಮಾರುಗಳ ಕಾಲ. ಬೂದಿ ಏರುತ್ತ ಏರುತ್ತ ದಿಬ್ಬವೇ ಆಗಿಹೋಯಿತು. ಅವರು ಸುಟ್ಟಿದ್ದು ಏನನ್ನು?

ಒಗಟು ಇಷ್ಟೇ. ಉತ್ತರ ಗೊತ್ತಿರುವುದು ಒಬ್ಬರಿಗೆ ಮಾತ್ರ. ಸುತ್ತ ಕುಳಿತವರು ಎಷ್ಟು ಪ್ರಶ್ನೆ ಬೇಕಾದರೂ ಕೇಳಬಹುದು, ಆದರೆ ಪ್ರತಿಯೊಂದೂ ‘ಹೌದು’ ಅಥವಾ ‘ಅಲ್ಲ’ ಎಂದು ಉತ್ತರಿಸಲು ಬರುವಂತಿರಬೇಕು. ಏನು, ಏಕೆ, ಯಾರು, ಎಲ್ಲಿ ಎಂದು ನೇರವಾಗಿ ಕೇಳುವಂತಿಲ್ಲ. ನಿಯಮ ಹೇಳುವುದಕ್ಕೆ ಅರ್ಧ ನಿಮಿಷ ಸಾಕು. ಪ್ರಶ್ನೆ ಕೇಳುವುದನ್ನು ಕಲಿಯಲು ಬಹಳ ದಿನ ಬೇಕು, ಆಟದ ರುಚಿ ಇರುವುದೂ ಅಲ್ಲೇ.

ನಮ್ಮ ಒಗಟು, ಒಡಪುಗಳಿಗೂ ಇದಕ್ಕೂ ಒಂದು ವ್ಯತ್ಯಾಸವಿದೆ. ಒಗಟು ಹಾಕಿದಾಗ ಕೇಳಿದವರು ಒಂದೇ ಏಟಿಗೆ ಉತ್ತರ ಹೇಳಬೇಕು, ಇಲ್ಲವೇ ಸೋತೆ ಎನ್ನಬೇಕು. ನಡುವೆ ಮಾತುಕತೆಗೆ ಜಾಗವಿಲ್ಲ. ಒಬ್ಬರಿಗೆ ಹೊಳೆದರೆ ಉಳಿದವರ ಕೆಲಸ ಮುಗಿಯಿತು. ಹೌದು-ಅಲ್ಲ ಒಗಟಿನಲ್ಲಿ ಹಾಗಲ್ಲ. ಅಲ್ಲಿ ಉತ್ತರ ಯಾರೊಬ್ಬರ ತಲೆಯಲ್ಲೂ ಇಡಿಯಾಗಿ ಹುಟ್ಟುವುದಿಲ್ಲ. ಒಬ್ಬರ ಪ್ರಶ್ನೆಗೆ ಸಿಕ್ಕ ‘ಅಲ್ಲ’ ಇನ್ನೊಬ್ಬರ ಪ್ರಶ್ನೆಗೆ ದಾರಿಯಾಗುತ್ತದೆ. ಆದ್ದರಿಂದ ಜಾಣರು ಹೆಚ್ಚಿರುವ ಗುಂಪಿಗಿಂತ, ಪರಸ್ಪರ ಕೇಳಿಸಿಕೊಳ್ಳುವ ಗುಂಪು ಬೇಗ ಗೆಲ್ಲುತ್ತದೆ. ಈ ಲೇಖನದಲ್ಲಿ ನಾನು ಹೇಳಬೇಕಾದದ್ದರ ತಿರುಳು ಇದು. ಮುಂದಿನದೆಲ್ಲ ಅದನ್ನು ಹೇಗೆ ಸಾಧಿಸುವುದು ಎಂಬುದರ ವಿವರ.

ಇಂಥ ಒಗಟುಗಳಿಗೆ ಬೇಕಾದ ಯೋಚನೆಯ ಬಗೆಗೆ ಎಡ್ವರ್ಡ್ ಡಿ ಬೋನೊ ಎಂಬ ಮಾಲ್ಟಾ ದೇಶದ ವೈದ್ಯ-ಚಿಂತಕ 1967ರಲ್ಲಿ ‘ಲ್ಯಾಟರಲ್ ಥಿಂಕಿಂಗ್’ ಎಂದು ಹೆಸರಿಟ್ಟ. ನೇರ ದಾರಿ ಮುಚ್ಚಿದಾಗ ಅಡ್ಡದಾರಿ ಹುಡುಕುವ ಯೋಚನೆ ಅದು. 1990ರ ದಶಕದಲ್ಲಿ ಪಾಲ್ ಸ್ಲೋನ್ ಎಂಬ ಬ್ರಿಟಿಷ್ ಲೇಖಕನ ಪುಸ್ತಕಗಳು ಈ ಆಟವನ್ನು ಮನೆಮನೆಗೆ ತಲುಪಿಸಿದವು. ಜಪಾನಿನಲ್ಲಿ ಇದೇ ಆಟಕ್ಕೆ ‘ಆಮೆಯ ಸೂಪು’ ಎಂಬ ಹೆಸರಿದೆ. ಆದರೆ ಹೊರಗಿನ ಒಗಟುಗಳನ್ನು ಹಾಗೇ ತಂದು ನಮ್ಮ ಕಟ್ಟೆಯ ಮೇಲೆ ಇಟ್ಟರೆ ಅರ್ಧ ರುಚಿ ಹೋಗುತ್ತದೆ. ಹಡಗು, ಹಿಮ, ಲಿಫ್ಟು ಇವೆಲ್ಲ ಹುಣಸಗಿಯ ಹುಡುಗನಿಗೆ ಓದಿ ತಿಳಿದ ಸಂಗತಿಗಳು. ಗೊತ್ತಿರುವ ಲೋಕದೊಳಗೆ ಗೊತ್ತಿಲ್ಲದ್ದು ಅಡಗಿದಾಗಲೇ ಪ್ರಶ್ನೆ ಮೊನಚಾಗುತ್ತದೆ. ಹುಣಸಗಿ ಸೀಮೆಯಲ್ಲಿ ಅಂಥದ್ದಕ್ಕೆ ಬರವಿಲ್ಲ.

ಮೊದಲು ಸ್ವಲ್ಪ ಲೆಕ್ಕ. ಕನ್ನಡ ವರ್ಣಮಾಲೆಯಲ್ಲಿ 49 ಅಕ್ಷರಗಳಿವೆ. ನಾನು ಒಂದನ್ನು ಮನಸ್ಸಿನಲ್ಲಿ ಇಟ್ಟುಕೊಂಡಿದ್ದೇನೆ ಎನ್ನಿ. ‘ಅದು ಅ ನಾ?’, ‘ಆ ನಾ?’ ಎಂದು ಸಾಲಾಗಿ ಕೇಳುತ್ತ ಹೋದರೆ ನಲವತ್ತೆಂಟು ಪ್ರಶ್ನೆಗಳವರೆಗೂ ಎಳೆಯಬಹುದು. ಅದರ ಬದಲು ‘ವರ್ಗೀಯ ವ್ಯಂಜನವೇ?’ ಎಂದು ಶುರು ಮಾಡಿ. ಹೌದು ಎಂದರೆ 25 ಅಕ್ಷರ ಉಳಿಯುತ್ತವೆ, ಅಲ್ಲ ಎಂದರೆ 24. ಉತ್ತರ ಯಾವುದೇ ಬರಲಿ, ಅರ್ಧ ಹೊರೆ ಇಳಿಯಿತು. 25 ಉಳಿದಿದ್ದರೆ ‘ಕ-ವರ್ಗ ಅಥವಾ ಚ-ವರ್ಗದ್ದೇ?’ ಎಂದು ಕೇಳಿ. ಹತ್ತೋ ಹದಿನೈದೋ ಉಳಿಯುತ್ತವೆ. ಹೀಗೆ ಅರ್ಧರ್ಧ ಕಡಿಯುತ್ತ ಹೋದರೆ ಯಾವ ಅಕ್ಷರವಾದರೂ ಆರು ಪ್ರಶ್ನೆಯೊಳಗೆ ಸಿಕ್ಕೇ ಸಿಗುತ್ತದೆ, ಏಕೆಂದರೆ ಎರಡನ್ನು ಎರಡರಿಂದ ಗುಣಿಸುತ್ತ ಆರನೆಯ ಮೆಟ್ಟಿಲಿಗೆ ಬಂದರೆ 64 ಆಗುತ್ತದೆ. ಹತ್ತು ಪ್ರಶ್ನೆಗೆ 1,024. ಇಪ್ಪತ್ತು ಪ್ರಶ್ನೆಗೆ 10,48,576. ಹತ್ತು ಲಕ್ಷ ವಸ್ತುಗಳ ರಾಶಿಯಿಂದ ಒಂದನ್ನು ಹೆಕ್ಕಲು ಇಪ್ಪತ್ತು ಒಳ್ಳೆಯ ಪ್ರಶ್ನೆ ಸಾಕು ಎಂಬುದನ್ನು ಮಕ್ಕಳು ಕರಿಹಲಗೆಯ ಮೇಲೆ ತಾವೇ ಗುಣಿಸಿ ನೋಡಬೇಕು. ‘ಅಲ್ಲ’ ಎಂಬ ಉತ್ತರ ಸೋಲಲ್ಲ ಎಂಬುದು ಆಗ ಮನಸ್ಸಿಗೆ ಇಳಿಯುತ್ತದೆ.

ಅಕ್ಷರದ ಆಟಕ್ಕೂ ಕತೆಯ ಒಗಟಿಗೂ ಒಂದು ದೊಡ್ಡ ಅಂತರವಿದೆ. ಅಕ್ಷರಗಳ ಪಟ್ಟಿ ನಮ್ಮ ಕಣ್ಣೆದುರು ಇರುತ್ತದೆ. ಕತೆಯ ಒಗಟಿನಲ್ಲಿ ಪಟ್ಟಿಯೇ ಇರುವುದಿಲ್ಲ. ಕೇಳಿದ ಕೂಡಲೇ ಮನಸ್ಸು ತನ್ನಷ್ಟಕ್ಕೆ ಒಂದು ಚಿತ್ರ ಬರೆದುಕೊಳ್ಳುತ್ತದೆ, ಸರಿಯಾದ ಉತ್ತರ ಆ ಚಿತ್ರದ ಹೊರಗೆ ಇರುತ್ತದೆ. ಆದ್ದರಿಂದ ಇಲ್ಲಿ ಅರ್ಧಕ್ಕೆ ಕಡಿಯುವುದರ ಜೊತೆಗೆ ಇನ್ನೊಂದು ಕೆಲಸವೂ ಬೇಕು. ನಾವು ಯಾರೂ ಹೇಳದೆಯೇ ನಂಬಿಬಿಟ್ಟಿದ್ದು ಯಾವುದು ಎಂದು ಹುಡುಕಿ, ಅದನ್ನೇ ಪ್ರಶ್ನೆಯಾಗಿ ಮಾಡುವುದು.

ಒಂದು ಉದಾಹರಣೆ ನೋಡೋಣ. ಈ ಒಗಟನ್ನು ಕೃಷ್ಣೆಯ ದಂಡೆಯ ಮಕ್ಕಳಿಗೆಂದೇ ಕಟ್ಟಿದ್ದೇನೆ.

ಒಬ್ಬ ಅಜ್ಜ ಬೇಸಿಗೆ ಬಂತೆಂದರೆ ತಾನು ಹುಟ್ಟಿದ ಮನೆಗೆ ನಡೆದುಕೊಂಡು ಹೋಗಿ, ಅಂಗಳದಲ್ಲಿ ಸ್ವಲ್ಪ ಹೊತ್ತು ಕುಳಿತು ಬರುತ್ತಾನೆ. ಮಳೆಗಾಲ ಕಳೆದ ಮೇಲೆ ಅದೇ ಮನೆಯ ಮೇಲಿಂದಲೇ ಹಾದುಹೋಗುತ್ತಾನೆ, ಆದರೆ ಒಳಗೆ ಕಾಲಿಡಲಾರ. ಏಕೆ?

ಶಾಲೆಯ ಗುಂಪೊಂದರಲ್ಲಿ ಇದು ಹೆಚ್ಚುಕಡಿಮೆ ಹೀಗೆ ಸಾಗುತ್ತದೆ.

“ಸರ್, ಅಜ್ಜಗ ಮಕ್ಕಳ ಜೋಡಿ ಜಗಳ ಆಗ್ಯದೇನ್ರಿ?”

“ಇಲ್ಲ.”

“ಮಳಿಗಾಲದಾಗ ಅಜ್ಜಗ ಕಾಲು ನೋಯ್ತಾವೇನ್ರಿ?”

“ಸಂಬಂಧ ಇಲ್ಲ.”

“ಬೀಗದ ಕೈ ಕಳದದೇನ್ರಿ?”

“ಪ್ರಶ್ನೆಯೊಳಗೇ ತಪ್ಪದ.”

“ಅಂದ್ರ ಮನಿಗೆ ಬೀಗ ಅದೇನ್ರಿ?”

“ಇಲ್ಲ.”

“ಆ ಮನ್ಯಾಗ ಈಗ ಯಾರರ ಇದ್ದಾರೇನ್ರಿ?”

“ಇಲ್ಲ.”

“ಮಳಿಗಾಲ ಮುಗದ ಮ್ಯಾಲೂ ಮನಿ ಇದ್ದಲ್ಲೇ ಇರ್ತದೇನ್ರಿ?”

“ಹೌದು.”

“ಅಜ್ಜ ಮ್ಯಾಲಿಂದ ಹೋಗ್ತಾನಂದ್ರ ಬ್ರಿಜ್ ಮ್ಯಾಲೆ ಏನ್ರಿ?”

“ಅಲ್ಲ.”

“ನೆಲದ ಮ್ಯಾಲೆ ನಡಕೊಂತ ಹೋಗ್ತಾನೇನ್ರಿ?”

“ಅಲ್ಲ.”

“ನೀರಿನ ಮ್ಯಾಲೆ?”

“ಹೌದು.”

ಅಲ್ಲಿಗೆ ಹಿಂದಿನ ಸಾಲಿನಿಂದ ಯಾರೋ ‘ಮುಳುಗಡಿ ಊರು’ ಎಂದು ಕೂಗುತ್ತಾರೆ. ನಾರಾಯಣಪುರದಲ್ಲಿ ಕೃಷ್ಣೆಗೆ ಕಟ್ಟಿದ ಬಸವಸಾಗರ 1982ರಲ್ಲಿ ಪೂರ್ಣಗೊಂಡಿತು, ಅದರ ಮೇಲ್ಗಡೆ ಆಲಮಟ್ಟಿ ಬಂತು. ಹಿನ್ನೀರಿಗೆ ಊರುಗಳು ಹೋದವು, ಜನ ಪುನರ್ವಸತಿ ಕೇಂದ್ರಗಳಿಗೆ ಬಂದರು. ನೀರು ಇಳಿದ ಬೇಸಿಗೆಯಲ್ಲಿ ಹಿನ್ನೀರಿನ ಅಂಚಿನ ಹಳೆಯ ಗೋಡೆ, ಗುಡಿ ಮೇಲೇಳುತ್ತವೆ. ಆಣೆಕಟ್ಟೆ ತುಂಬಿದ ಮೇಲೆ ಅದೇ ಜಾಗದಲ್ಲಿ ದೋಣಿ, ಹರಿಗೋಲು ಓಡುತ್ತವೆ. ಕಾಲುವೆ ನೀರಿನಲ್ಲಿ ಭತ್ತ ಬೆಳೆಯುವ ಹುಣಸಗಿಯ ಮಗುವಿಗೆ ಈ ನೀರು ಯಾರ ಅಂಗಳದ ಮೇಲಿಂದ ಬಂದಿದೆ ಎಂಬುದು ಪಾಠಪುಸ್ತಕದಿಂದ ತಿಳಿಯುವುದಕ್ಕಿಂತ ಆಳವಾಗಿ ಈ ಒಗಟಿನಿಂದ ತಿಳಿಯುತ್ತದೆ ಎಂದು ನಾನು ಬಲವಾಗಿ ನಂಬುತ್ತೇನೆ.

ಮೇಲಿನ ಪ್ರಶ್ನೆಗಳಲ್ಲಿ ಅತ್ಯಂತ ಬೆಲೆಯುಳ್ಳದ್ದು ಯಾವುದು? ‘ನೀರಿನ ಮ್ಯಾಲೆ?’ ಎಂದವನಿಗೆ ಎಲ್ಲರೂ ಚಪ್ಪಾಳೆ ತಟ್ಟುತ್ತಾರೆ. ನಾನಾದರೆ ‘ಮನಿ ಇದ್ದಲ್ಲೇ ಇರ್ತದೇನ್ರಿ?’ ಎಂದ ಮಗುವನ್ನು ಮೊದಲು ಮೆಚ್ಚುತ್ತೇನೆ. ಅಲ್ಲಿಯವರೆಗೆ ಎಲ್ಲರೂ ಅಜ್ಜನಲ್ಲಿ ಕಾರಣ ಹುಡುಕುತ್ತಿದ್ದರು: ಜಗಳ, ಕಾಲುನೋವು, ಬೀಗ. ಬದಲಾಗುವುದು ಅಜ್ಜನೋ ಮನೆಯೋ ಅಥವಾ ಇವೆರಡರ ನಡುವಿನ ಜಾಗವೋ ಎಂದು ಆ ಮಗು ಕೇಳಿತು. ಮನೆ ಅಲ್ಲಾಡುವುದಿಲ್ಲ, ಅಜ್ಜನಿಗೆ ಏನೂ ಆಗಿಲ್ಲ ಎಂದಾದ ಮೇಲೆ ಉಳಿಯುವುದು ಸುತ್ತಲಿನ ನೆಲವೊಂದೇ. ‘ಮೇಲಿಂದ’ ಎಂಬ ಮಾತಿನ ಕಡೆಗೆ ಗುಂಪಿನ ಗಮನ ತಿರುಗಿದ್ದು ಅದರಿಂದ.

ಉತ್ತರ ಹೇಳುವವರ ಕೆಲಸ ಹಗುರವೆಂದು ತೋರುತ್ತದೆ. ನಿಜವಾಗಿ ಆಟ ಕೆಡುವುದು ಬಹುಪಾಲು ಅವರಿಂದಲೇ. ಹೌದು ಮತ್ತು ಅಲ್ಲ ಎಂಬ ಎರಡರ ಜೊತೆ ಇನ್ನೆರಡು ಉತ್ತರಗಳನ್ನು ಅವರು ಇಟ್ಟುಕೊಳ್ಳಬೇಕು. ಒಂದು, ‘ಸಂಬಂಧವಿಲ್ಲ’. ಅಜ್ಜನಿಗೆ ಕಾಲುನೋವು ಇರಬಹುದು, ಇಲ್ಲದಿರಬಹುದು, ಕತೆ ಬದಲಾಗುವುದಿಲ್ಲ. ಅದಕ್ಕೆ ‘ಇಲ್ಲ’ ಎಂದರೆ ಗುಂಪು ಅದನ್ನೂ ಒಂದು ಸುಳಿವೆಂದು ಹೊತ್ತುಕೊಂಡು ತಿರುಗುತ್ತದೆ. ಇನ್ನೊಂದು, ‘ಪ್ರಶ್ನೆಯೊಳಗೇ ತಪ್ಪಿದೆ’. ಬೀಗದ ಕೈ ಕಳೆದಿದೆಯೇ ಎಂಬುದಕ್ಕೆ ‘ಇಲ್ಲ’ ಎಂದರೆ ಬೀಗವಿದೆ, ಕೈಯೂ ಇದೆ ಎಂದಾಗುತ್ತದೆ. ಅದು ಸುಳ್ಳಲ್ಲದಿದ್ದರೂ ದಾರಿ ತಪ್ಪಿಸುವ ಉತ್ತರ. ಪ್ರಶ್ನೆಯೊಳಗೆ ತಪ್ಪಿದೆ ಎಂಬ ಉತ್ತರ ಬಂದಾಗ ಗುಂಪು ಹಿಗ್ಗಬೇಕು, ಏಕೆಂದರೆ ಯಾವುದೋ ಸುಳ್ಳು ನಂಬಿಕೆ ಸಿಕ್ಕಿಬಿದ್ದಿತು ಎಂದರ್ಥ.

‘ಇರಬಹುದು’, ‘ಒಂಥರಾ ಹೌದು’ ಎಂಬ ಉತ್ತರಗಳನ್ನು ಆದಷ್ಟು ದೂರ ಇಡಬೇಕು. ಅರ್ಧ ಹೌದು, ಅರ್ಧ ಅಲ್ಲ ಎನ್ನಿಸಿದರೆ ಪ್ರಶ್ನೆಯನ್ನು ಬಿಡಿಸಿ ಕೇಳಲು ಹೇಳುವುದು ಸರಿಯಾದ ಕ್ರಮ. ‘ಅಜ್ಜ ಸಾಲ ಮಾಡಿ ಮನೆ ಮಾರಿದನೇ?’ ಎಂಬುದು ಎರಡು ಪ್ರಶ್ನೆ. ಸಾಲ ಮಾಡಿದನೇ? ಮನೆ ಮಾರಿದನೇ? ಹೀಗೆ ಬೇರೆ ಬೇರೆಯಾಗಿ ಕೇಳಲಿ. ನಮ್ಮ ಭಾಷೆಯಲ್ಲಿ ಇನ್ನೊಂದು ಸಿಕ್ಕು ಬರುತ್ತದೆ. ‘ಅಜ್ಜ ಅಲ್ಲಿ ಮಲಗೋದಿಲ್ಲ, ಅಲ್ಲಾ?’ ಎಂದು ಕೇಳಿದರೆ ‘ಹೌದು’ ಎಂಬ ಉತ್ತರವನ್ನು ಅರ್ಧ ಜನ ಮಲಗುತ್ತಾನೆ ಎಂದೂ ಉಳಿದರ್ಧ ಮಲಗುವುದಿಲ್ಲ ಎಂದೂ ತಿಳಿಯುತ್ತಾರೆ. ‘ಇಲ್ಲ’ದಿಂದ ಮುಗಿಯುವ ಪ್ರಶ್ನೆ ಕೇಳಬಾರದು ಎಂದು ಆಟದ ಮೊದಲೇ ಹೇಳಿಬಿಟ್ಟರೆ ಆಮೇಲಿನ ಜಗಳ ತಪ್ಪುತ್ತದೆ.

ಈಗ ಬೂದಿಯ ದಿಬ್ಬಕ್ಕೆ ಬರೋಣ. ಇದನ್ನು ನಾನು ಕಟ್ಟಿಲ್ಲ. ಹಳೆಯ ಸುರಪುರ ತಾಲೂಕಿನ ಬೂದಿಹಾಳದಲ್ಲಿ ಆ ದಿಬ್ಬ ಇದೆ. ಬಳ್ಳಾರಿ ಸೀಮೆಯ ಕುಡತಿನಿ, ಕುಪ್ಪಗಲ್ಲುಗಳಲ್ಲಿ, ರಾಯಚೂರು ಭಾಗದಲ್ಲಿ, ಆಚೆಗೆ ತೆಲಂಗಾಣ, ಆಂಧ್ರಗಳಲ್ಲಿ ಇಂಥವು ಇನ್ನೂ ಹಲವು ಇವೆ. (ಮಕ್ಕಳ ಮುಂದೆ ಈ ಒಗಟು ಇಡುವವರು ಊರಿನ ಹೆಸರು ಹೇಳದಿರುವುದು ಒಳ್ಳೆಯದು, ಹೆಸರು ಕೇಳಿದರೆ ಮಕ್ಕಳ ಗಮನವೆಲ್ಲ ಅದರ ಹಿಂದೆ ಹೋಗುತ್ತದೆ.) ಈ ದಿಬ್ಬಗಳ ಉತ್ತರಕ್ಕಾಗಿ ವಿದ್ವಾಂಸರು ನೂರು ವರ್ಷಕ್ಕೂ ಹೆಚ್ಚು ಕಾಲ ಹುಡುಕಿದರು. ಅವರು ಆಡಿದ್ದೂ ಹೌದು-ಅಲ್ಲ ಆಟವನ್ನೇ. ಅವರಿಗೆ ಉತ್ತರ ಹೇಳುತ್ತಿದ್ದುದು ನೆಲ, ಅಷ್ಟೇ ವ್ಯತ್ಯಾಸ.

ಜನಪದರಲ್ಲಿ ಉತ್ತರಗಳು ಮೊದಲೇ ಇದ್ದವು. ಹಂಪಿಯ ಬಳಿಯ ನಿಂಬಾಪುರದ ಬೂದಿದಿಬ್ಬವನ್ನು ವಾಲಿಯನ್ನು ಸುಟ್ಟ ಜಾಗ ಎನ್ನುತ್ತಾರೆ. ಬೇರೆಡೆ ರಾಕ್ಷಸರ ಬೂದಿ ಎಂಬ ಮಾತಿದೆ. ಹತ್ತೊಂಬತ್ತನೆಯ ಶತಮಾನದಲ್ಲಿ ಇಲ್ಲಿ ಓಡಾಡಿದ ಇಂಗ್ಲಿಷ್ ಅಧಿಕಾರಿಗಳು ತಮ್ಮ ಊಹೆಗಳನ್ನು ಸೇರಿಸಿದರು. ಜ್ವಾಲಾಮುಖಿಯೇ? ಅಲ್ಲ, ಸುತ್ತಲಿನ ಬಂಡೆ ಹಾಗೆ ಹೇಳುವುದಿಲ್ಲ. ಹೆಣ ಸುಟ್ಟ ಜಾಗವೇ? ಬೂದಿಯ ರಾಶಿಗೆ ತಕ್ಕ ಮನುಷ್ಯರ ಮೂಳೆ ಇಲ್ಲ. ಕಬ್ಬಿಣದ ಕುಲುಮೆಯೇ? ಈ ಊಹೆಗೆ ಬಲವಾದ ಕಾರಣವಿತ್ತು. ಬೂದಿಯ ನಡುವೆ ಕರಗಿ ಗಾಜಿನಂತೆ ಗಟ್ಟಿಯಾದ ಕಿಟ್ಟ ಸಿಗುತ್ತದೆ, ಅದನ್ನು ನೋಡಿದ ಯಾರಿಗಾದರೂ ಕುಲುಮೆ ನೆನಪಾಗುತ್ತದೆ. ಆದರೆ ಅದರಲ್ಲಿ ಲೋಹವಿಲ್ಲ. ದಿಬ್ಬದಲ್ಲಿ ಸಿಗುವುದು ಉಜ್ಜಿ ನುಣುಪಾಗಿಸಿದ ಕಲ್ಲಿನ ಕೊಡಲಿ ಮತ್ತು ಮಡಕೆ ಚೂರು, ಅಂದರೆ ಕಬ್ಬಿಣ ಕಾಣದ ನವಶಿಲಾಯುಗದ ಜನರ ಸಾಮಾನು.

ಇಲ್ಲಿ ಎಲ್ಲರೂ ಪ್ರಶ್ನಿಸದೆ ಒಪ್ಪಿಕೊಂಡದ್ದು ಒಂದಿತ್ತು. ಸುಟ್ಟಿದ್ದು ಒಂದು ವಸ್ತು, ಸುಡಲು ಬಳಸಿದ ಇಂಧನ ಇನ್ನೊಂದು ಎಂದು ಎಲ್ಲರ ತಲೆಯಲ್ಲಿತ್ತು. ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಬೇರೆ ಪ್ರಶ್ನೆ ಹಾಕಿದ: ದನಗಳನ್ನು ಕೂಡಿಹಾಕುತ್ತಿದ್ದ ದೊಡ್ಡಿಯಲ್ಲಿ ಬಿದ್ದ ಸಗಣಿಯೇ ಸುಟ್ಟು ಇಷ್ಟು ಬೂದಿಯಾಗಿರಬಹುದೇ? ಅದನ್ನು ಬೇಗ ಒಪ್ಪಿದವರು ಕಡಿಮೆ. 1957ರಲ್ಲಿ ರೇಮಂಡ್ ಆಲ್ಚಿನ್ ತೆಲಂಗಾಣದ ಉತನೂರಿನ ದಿಬ್ಬವನ್ನು ಅಗೆದಾಗ ನೆಲವೇ ‘ಹೌದು’ ಎಂದಿತು. ಬೇಲಿಗೆ ನೆಟ್ಟಿದ್ದ ಕಂಬಗಳ ಕುಳಿಗಳು ಸಿಕ್ಕವು, ಬೂದಿಯ ಪದರಿನಲ್ಲಿ ದನಗಳ ಗೊರಸಿನ ಗುರುತು ಸಿಕ್ಕವು. ಕಿಟ್ಟವನ್ನು ಪರೀಕ್ಷಿಸಿದ ಫ್ರೆಡ್ರಿಕ್ ಝೊಯ್ನರ್ 1960ರಲ್ಲಿ ಅದು ಸಗಣಿಯದೇ ಎಂದು ಬರೆದ. ಸಗಣಿ ರಾಶಿ ಚೆನ್ನಾಗಿ ಹೊತ್ತಿಕೊಂಡರೆ ಕುಲುಮೆಯಷ್ಟೇ ಕಾವು ಏರಿ ಬೂದಿ ಕರಗಬಲ್ಲದು ಎಂಬುದು ಕುಲುಮೆಯ ಗೊಂದಲವನ್ನು ಬಗೆಹರಿಸಿತು. ಆಲ್ಚಿನ್ ಈ ಎಲ್ಲವನ್ನೂ ದಕ್ಷಿಣ ಭಾರತದ ನವಶಿಲಾಯುಗದ ದನಗಾಹಿಗಳ ಬಗ್ಗೆ 1963ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಕೂಡಿಸಿದರು.

ಬೂದಿಹಾಳದ ಕತೆ ಇನ್ನೂ ತುಂಬಿಕೊಂಡಿದೆ. ಪುಣೆಯ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯ ಅವರು 1990ರ ದಶಕದಲ್ಲಿ ಅಲ್ಲಿ ಉತ್ಖನನ ನಡೆಸಿದರು. ಬೇರೆಯವರು ದಿಬ್ಬವನ್ನಷ್ಟೇ ನೋಡಿದ್ದರೆ ಇವರು ಸುತ್ತಲಿನ ನೆಲವನ್ನೂ ಕೇಳಿದರು. ದನದ ದೊಡ್ಡಿ ಒಂದು ಕಡೆ, ಅದಕ್ಕೆ ಹತ್ತಿಕೊಂಡು ಮನೆಗಳು, ದನಗಳನ್ನು ಕಡಿದು ಮಾಂಸ ಹಂಚಿದ ನೆಲ, ಚಕಮಕಿ ಜಾತಿಯ ಕಲ್ಲಿನಿಂದ ಅಲಗು ಮಾಡುತ್ತಿದ್ದ ಜಾಗ ಇವೆಲ್ಲ ಕಾಣಿಸಿದವು. ಸುಮಾರು ನಾಲ್ಕು ಸಾವಿರ ವರ್ಷದ ಹಿಂದಿನ ಒಂದು ಊರು ಅದು. ಏಕೆ ಸುಟ್ಟರು ಎಂಬುದರಲ್ಲಿ ವಿದ್ವಾಂಸರಿಗೆ ಇಂದಿಗೂ ಒಮ್ಮತವಿಲ್ಲ. ಆಲ್ಚಿನ್ ಅದನ್ನು ದನಗಳಿಗೆ ಸಂಬಂಧಿಸಿದ ಹಬ್ಬದ ಬೆಂಕಿಗೆ ಹೋಲಿಸಿದರು, ದೊಡ್ಡಿ ಶುಚಿ ಮಾಡಲು ಸುಟ್ಟಿರಬಹುದು ಎನ್ನುವವರೂ ಇದ್ದಾರೆ. ಅದಕ್ಕೇ ಒಗಟನ್ನು ‘ಏಕೆ ಸುಟ್ಟರು’ ಎಂದು ಕೇಳದೆ ‘ಏನನ್ನು ಸುಟ್ಟರು’ ಎಂದು ನಿಲ್ಲಿಸಿದ್ದು. ಉತ್ತರ ಹೇಳುವವರಿಗೇ ಖಚಿತವಿಲ್ಲದ ಸಂಗತಿಯ ಮೇಲೆ ಹೌದು-ಅಲ್ಲ ಆಟ ಆಡಲಾಗದು. ಶಹಾಪುರದ ಬಳಿ ವಿಭೂತಿಹಳ್ಳಿಯಲ್ಲಿ ಬಯಲಿನ ತುಂಬ ಗುಂಡುಗಳನ್ನು ಸಾಲು ಸಾಲಾಗಿ ಜೋಡಿಸಿದ್ದಾರೆ, ಯಾವ ಉದ್ದೇಶಕ್ಕೆ ಎಂಬುದು ತೀರ್ಮಾನವಾಗಿಲ್ಲ. ಹೋಗಿ ನೋಡಲು, ಊಹಿಸಲು ಅದ್ಭುತವಾದ ಜಾಗ. ಈ ಆಟಕ್ಕೆ ಅದು ಒಗ್ಗುವುದಿಲ್ಲ.

ಒಗ್ಗುವಂಥದ್ದು ಇಸಾಂಪುರದಲ್ಲಿದೆ. ಹುಣಸಗಿ-ಬೈಚಬಾಳ ಕಣಿವೆಗಳಲ್ಲಿ ಪದ್ದಯ್ಯ ಅವರು ದಶಕಗಳ ಕಾಲ ನಡೆದಾಡಿ ಹಳೆಯ ಶಿಲಾಯುಗದ ಸುಮಾರು 200 ನೆಲೆಗಳನ್ನು ಗುರುತಿಸಿದರು. ಅವುಗಳಲ್ಲಿ ಇಸಾಂಪುರ ತೀರ ವಿಶೇಷ. ಅದು ಆಯುಧ ಮಾಡುತ್ತಿದ್ದ ಕಲ್ಲುಗಣಿ. ಅಲ್ಲಿ ಸಿಕ್ಕ ದನದ ಜಾತಿಯ ಪ್ರಾಣಿಗಳ ಹಲ್ಲುಗಳನ್ನು ಪರೀಕ್ಷಿಸಿ ನೆಲೆಯ ವಯಸ್ಸು ಸುಮಾರು 12 ಲಕ್ಷ ವರ್ಷ ಎಂದು ಲೆಕ್ಕ ಹಾಕಿದ್ದಾರೆ. ಒಗಟು ಹೀಗಿರಲಿ:

ಒಂದು ಜಾಗದಲ್ಲಿ ಒಳ್ಳೆಯ ಸುಣ್ಣಕಲ್ಲಿನ ಚಪ್ಪಡಿಗಳು ಬೇಕಾದಷ್ಟು ಬಿದ್ದಿವೆ. ಅಲ್ಲಿಗೆ ಬಂದವರು ಬೇರೆ ಕಡೆಯಿಂದ ಬೇರೆ ಜಾತಿಯ ಕಲ್ಲುಗಳನ್ನು ಕೈಯಲ್ಲಿ ಹಿಡಿದು ತಂದರು. ತಂದ ಕಲ್ಲಿನಿಂದ ಯಾವ ಆಯುಧವನ್ನೂ ಮಾಡಲಿಲ್ಲ. ಮತ್ತೆ ಏಕೆ ತಂದರು?

ಸುಣ್ಣಕಲ್ಲನ್ನು ಒಡೆಯಲು ಅದಕ್ಕಿಂತ ಗಟ್ಟಿಯಾದ ಕಲ್ಲು ಬೇಕು. ತಂದದ್ದು ಸುತ್ತಿಗೆಗಳನ್ನು. ಈ ಒಗಟಿನಲ್ಲಿ ಮಕ್ಕಳು ಬಹಳ ಹೊತ್ತು ‘ಮಾರಲು ತಂದರೇನ್ರಿ?’, ‘ಪೂಜೆಗೇನ್ರಿ?’, ‘ಒಲಿ ಹೂಡಲಿಕ್ಕೇನ್ರಿ?’ ಎಂದು ಸುತ್ತುತ್ತಾರೆ. ‘ಅವರು ನಮ್ಮಂಥ ಮನುಷ್ಯರೇನ್ರಿ?’ ಎಂದು ಯಾರಾದರೂ ಕೇಳುವ ದಿನ ಒಳ್ಳೆಯ ದಿನ. ಉತ್ತರ ‘ಅಲ್ಲ’. ನಮ್ಮ ಜಾತಿಯ ಮಾನವ ಹುಟ್ಟುವುದಕ್ಕೆ ಬಹಳ ಮೊದಲಿನವರು ಅವರು. ಆ ಒಂದು ‘ಅಲ್ಲ’ ಕೇಳಿ ತರಗತಿಯೇ ನಿಶ್ಶಬ್ದವಾದರೆ ಒಗಟನ್ನು ಅಲ್ಲೇ ನಿಲ್ಲಿಸಿ ಸ್ವಲ್ಪ ಮಾತಾಡಬಹುದು. ಆಟ ಓಡಿಹೋಗುವುದಿಲ್ಲ.

ಈ ಆಟಕ್ಕೆ ಒಗ್ಗುವ ಇನ್ನೊಂದು ಸಂಗತಿ ಹುಣಸಗಿ ತಾಲೂಕಿನ ರಾಜನಕೋಳೂರಿನಲ್ಲಿದೆ: ಕಲ್ಲಿನ ಚಪ್ಪಡಿಗಳಿಂದ ಕಟ್ಟಿದ ಪ್ರಾಚೀನ ರಚನೆಗಳು. 1841ರಿಂದ 1853ರವರೆಗೆ ಸುರಪುರದಲ್ಲಿ ಅಧಿಕಾರಿಯಾಗಿದ್ದ ಮೆಡೋಸ್ ಟೇಲರ್ ಅವುಗಳನ್ನು ಅಳೆದು, ವರ್ಣಿಸಿ ಬರೆದ. ಕೊಪ್ಪಳ ಜಿಲ್ಲೆಯ ಹಿರೇಬೆಣಕಲ್ ಗುಡ್ಡದ ಮೇಲೆ ಇಂಥವು ನೂರಾರು ಇವೆ. ಅವನ್ನು ಜನ ಮೋರಿಯರ ಮನೆ ಎನ್ನುತ್ತಾರೆ, ಮೋರಿಯರು ಎಂಬ ಕುಳ್ಳರು ಅಲ್ಲಿದ್ದರೆಂಬ ಕತೆಯಿದೆ. ನಾಲ್ಕು ಕಡೆ ಚಪ್ಪಡಿ, ಮೇಲೊಂದು ಚಪ್ಪಡಿ, ಬಾಗಿಲಿನ ಬದಲು ದುಂಡನೆಯ ಕಿಂಡಿ, ಒಳಗೆ ಯಾರೂ ಎಂದೂ ಬದುಕಲಿಲ್ಲ, ಆದರೂ ಮನೆಯಂತೆ ಕಟ್ಟಿದರು ಎಂದು ಒಗಟು ಹಾಕಿದರೆ ಸತ್ತವರಿಗಾಗಿ ಕಟ್ಟಿದ್ದು ಎಂಬಲ್ಲಿಗೆ ಗುಂಪು ಬೇಗ ಮುಟ್ಟುತ್ತದೆ. ಸುಲಭದ ಒಗಟು, ಮೊದಲ ದಿನಕ್ಕೆ ಚೆನ್ನ.

ಗುಂಪನ್ನು ನಡೆಸುವ ಬಗೆಯೂ ಮುಖ್ಯ. ಆರರಿಂದ ಹನ್ನೆರಡು ಜನ ಇದ್ದರೆ ಸರದಿಯ ಪ್ರಕಾರ ಒಬ್ಬೊಬ್ಬರು ಒಂದೊಂದು ಪ್ರಶ್ನೆ ಕೇಳಲಿ. ಸರದಿ ಇಲ್ಲದಿದ್ದರೆ ಗಟ್ಟಿ ದನಿಯ ಇಬ್ಬರೇ ಆಟವನ್ನು ಹೊತ್ತುಕೊಂಡು ಹೋಗುತ್ತಾರೆ. ಹಿಂದೆ ಕುಳಿತ, ಮಾತು ಕಡಿಮೆಯ ಹುಡುಗಿಯ ಬಾಯಲ್ಲಿ ಬರುವ ಪ್ರಶ್ನೆ ಎಷ್ಟೋ ಸಲ ಬೇರೆ ದಿಕ್ಕಿನದಾಗಿರುತ್ತದೆ. ಉಳಿದವರು ಒಬ್ಬರನ್ನೊಬ್ಬರು ಹಿಂಬಾಲಿಸುತ್ತಿರುವಾಗ ಆಕೆ ಕೇಳಿಸಿಕೊಳ್ಳುತ್ತಿರುತ್ತಾಳೆ. ನಲವತ್ತು ಮಕ್ಕಳ ತರಗತಿಯಲ್ಲಾದರೆ ಐದೈದು ಜನರ ತಂಡ ಮಾಡಿ, ತಂಡದೊಳಗೆ ಪಿಸುಮಾತಿನಲ್ಲಿ ಚರ್ಚಿಸಿ ತಂಡಕ್ಕೊಂದು ಪ್ರಶ್ನೆ ಎಂದು ನಿಗದಿ ಮಾಡಿದರೆ ಒಳ್ಳೆಯದು. ಕೇಳುವ ಮೊದಲು ಪ್ರಶ್ನೆಯನ್ನು ತೂಗುವ ಅಭ್ಯಾಸ ಅಲ್ಲಿ ತಾನಾಗಿ ಬರುತ್ತದೆ.

ಕೇಳಿದ್ದೆಲ್ಲ ಕರಿಹಲಗೆಯ ಮೇಲೆ ಇರಬೇಕು. ಹೌದು, ಅಲ್ಲ, ಸಂಬಂಧವಿಲ್ಲ ಎಂದು ಮೂರು ಸಾಲು ಮಾಡಿ ಒಬ್ಬರು ಬರೆಯುತ್ತ ಹೋಗಲಿ. ಬರೆಯದಿದ್ದರೆ ಹದಿನೈದನೆಯ ಪ್ರಶ್ನೆಯ ಹೊತ್ತಿಗೆ ಮೂರನೆಯದನ್ನೇ ಬೇರೆ ಮಾತಿನಲ್ಲಿ ಮತ್ತೆ ಕೇಳುತ್ತಾರೆ. ದೊಡ್ಡವರ ಗುಂಪುಗಳೂ ಹಾಗೇ ಮಾಡುತ್ತವೆ, ಬಹುಶಃ ಇನ್ನೂ ಹೆಚ್ಚಾಗಿ, ಏಕೆಂದರೆ ದೊಡ್ಡವರಿಗೆ ತಮ್ಮ ಊಹೆಯ ಮೇಲೆ ಮೋಹ ಜಾಸ್ತಿ. ‘ಇದು ಖಂಡಿತ ಆಸ್ತಿ ಜಗಳ’ ಎಂದು ಒಬ್ಬರು ಪಟ್ಟು ಹಿಡಿದರೆ ಅದರ ಸುತ್ತಲೇ ಹತ್ತು ಪ್ರಶ್ನೆ ಹೋಗುತ್ತವೆ. ಬರೆದ ಸಾಲುಗಳನ್ನು ಎಲ್ಲರೂ ಒಮ್ಮೆ ಗಟ್ಟಿಯಾಗಿ ಓದಿದರೆ ಆ ಪಟ್ಟು ಸಡಿಲಾಗುತ್ತದೆ.

ಆಟ ನಿಂತ ನೀರಾದಾಗ ಸುಳಿವು ಕೊಡುವ ಮುನ್ನ ಒಗಟನ್ನೇ ನಿಧಾನವಾಗಿ ಮತ್ತೆ ಓದಬೇಕು, ಒಂದೊಂದು ಪದಕ್ಕೂ ನಿಲ್ಲುತ್ತ. ‘ಈ ಪದದ ಬಗ್ಗೆ ನಾವು ಏನನ್ನೂ ಕೇಳಿಲ್ಲ’ ಎಂದು ಗುಂಪಿನಲ್ಲೇ ಯಾರಾದರೂ ಗುರುತಿಸುತ್ತಾರೆ. ಅದಾದ ಮೇಲೂ ಕದಲದಿದ್ದರೆ ಸುಳಿವು ಕೊಡಿ, ಆದರೆ ಉತ್ತರದ ತುಣುಕನ್ನು ಕೊಡಬೇಡಿ. ಪ್ರಶ್ನೆಯ ದಿಕ್ಕು ಹೇಳಿ: ‘ಅಜ್ಜನ್ನ ಬಿಟ್ಟು ಬ್ಯಾರೆ ಏನಾರ ಕೇಳ್ರಿ’ ಎಂಬಷ್ಟು ಸಾಕು. ಒಗಟನ್ನು ಮೊದಲೇ ಕೇಳಿದವರು ಸುಮ್ಮನಿರಬೇಕು ಎಂಬುದನ್ನು ಶುರುವಿನಲ್ಲೇ ಒಪ್ಪಿಸಿಕೊಳ್ಳಿ. ಅವರಿಗೆ ಕರಿಹಲಗೆಯಲ್ಲಿ ಬರೆಯುವ ಕೆಲಸ ಕೊಟ್ಟರೆ ಬೇಸರವೂ ಆಗುವುದಿಲ್ಲ.

ಉತ್ತರ ಸಿಕ್ಕ ಮೇಲೆ ಐದು ನಿಮಿಷ ಎತ್ತಿಡಿ. ಯಾವ ಪ್ರಶ್ನೆಯಿಂದ ದಾರಿ ತೆರೆಯಿತು ಎಂದು ಹಲಗೆ ನೋಡಿ ಮಕ್ಕಳೇ ಹೇಳಲಿ. ಉತ್ತರ ಕೂಗಿದವರ ಹೆಸರಿಗಿಂತ ಆ ಪ್ರಶ್ನೆ ಕೇಳಿದವರ ಹೆಸರಿಗೆ ಸುತ್ತು ಹಾಕಿ. ಮುಂದಿನ ಸಲ ಪ್ರಶ್ನೆಗಳ ಗುಣವೇ ಬೇರೆಯಾಗಿರುತ್ತದೆ.

ಈ ಆಟದ ಪ್ರಸಿದ್ಧ ಒಗಟುಗಳಲ್ಲಿ ಹೆಚ್ಚಿನವು ಸಾವಿನ ಸುತ್ತಲಿನವು: ಕೊಲೆ, ಆತ್ಮಹತ್ಯೆ, ಹಸಿವಿನಲ್ಲಿ ಮನುಷ್ಯರ ಮಾಂಸ ತಿಂದ ಕತೆಗಳು. ಮಕ್ಕಳ ಮುಂದೆ ಅವು ಬೇಡ. ಯಾರ ಮನೆಯಲ್ಲಿ ಏನು ನಡೆದಿದೆಯೋ ಹೇಳಲಾಗದು, ಹೊಲದ ಔಷಧಿ ಮನೆಯಲ್ಲೇ ಇರುವ ಸೀಮೆಯಲ್ಲಂತೂ ಆತ್ಮಹತ್ಯೆಯನ್ನು ಆಟದ ವಸ್ತು ಮಾಡುವುದು ಸಲ್ಲದು. ಒಗಟು ಬೆರಗಿನಿಂದ ಹಿಡಿದಿಡಬೇಕು, ಅದಕ್ಕೆ ರಕ್ತ ಬೇಕಾಗಿಲ್ಲ. ಮುಳುಗಡೆಯ ಒಗಟಿನಲ್ಲೂ ಒಂದು ಎಚ್ಚರ ಬೇಕು. ಊರು ಕಳೆದುಕೊಂಡ ಮನೆತನದ ಮಕ್ಕಳು ಗುಂಪಿನಲ್ಲಿದ್ದರೆ, ಉತ್ತರ ಸಿಕ್ಕ ಮೇಲೆ ಅವರ ಮನೆಯ ಹಿರಿಯರಿಂದ ಕೇಳಿದ್ದನ್ನು ಹೇಳಲು ಅವರಿಗೆ ಹೊತ್ತು ಕೊಡಿ, ಒತ್ತಾಯ ಮಾತ್ರ ಬೇಡ.

ನೀವೇ ಒಗಟು ಕಟ್ಟುವುದಾದರೆ ಉತ್ತರದಿಂದ ಹಿಂದಕ್ಕೆ ನಡೆಯಿರಿ. ನಿಮ್ಮ ಊರಿನಲ್ಲಿ ಹೊರಗಿನವರು ಕಂಡು ‘ಇದೇನು?’ ಎಂದು ನಿಲ್ಲುವ ಸಂಗತಿಯೊಂದನ್ನು ಹಿಡಿದು, ಅದರ ಕಾರಣವನ್ನು ಅಡಗಿಸಿ, ಕಂಡದ್ದನ್ನಷ್ಟೇ ಎರಡು ಮೂರು ವಾಕ್ಯಗಳಲ್ಲಿ ಹೇಳಿ. ಸುಳ್ಳು ಒಂದೂ ಇರಬಾರದು. ಉತ್ತರಕ್ಕೆ ಒಯ್ಯುವ ಒಂದು ಪದವಾದರೂ ಒಗಟಿನೊಳಗೇ ಇರಬೇಕು, ಅಜ್ಜನ ಕತೆಯ ‘ಮೇಲಿಂದ’ ಎಂಬಂತೆ. ಗುಂಪಿಗೆ ಒಯ್ಯುವ ಮೊದಲು ಮನೆಯಲ್ಲಿ ಒಬ್ಬರ ಮೇಲೆ ಪರೀಕ್ಷಿಸಿ. ಮೂರು ಪ್ರಶ್ನೆಗೇ ಮುಗಿದರೆ ಒಗಟು ತೆಳುವಾಯಿತು, ಒಂದು ವಿವರ ಕಡಿಮೆ ಮಾಡಿ. ನಲವತ್ತು ಕೇಳಿದರೂ ದಡ ಕಾಣದಿದ್ದರೆ ಸುಳಿವಿನ ಪದ ಬಿಟ್ಟುಹೋಗಿದೆ, ಸೇರಿಸಿ. ಹದಿನೈದರಿಂದ ಇಪ್ಪತ್ತೈದು ಪ್ರಶ್ನೆಯೊಳಗೆ ಬಿಡುವ ಒಗಟು ಒಂದು ಶಾಲಾ ಅವಧಿಗೆ ಸರಿಹೊಂದುತ್ತದೆ. ಉತ್ತರದ ಹಿಂದಿನ ಸಂಗತಿಯನ್ನು ಮಾತಾಡಲು ಆಮೇಲೆ ಹೊತ್ತೂ ಉಳಿಯುತ್ತದೆ.